ನಮ್ಮವರ ಕಾಲಿಗೆ ನನ್ನ ಗೆಜ್ಜೆ

ಗಂಡನ ತಲೆ ಕೆಡಿಸಿದ ಹೆಂಗಸರು ಊರೂರಿಗೂ ಸಿಗುತ್ತಾರೆ. ಗಂಡನ ಕಾಲು ಕಾಪಾಡಿದ ಹೆಂಗಸು ಬೇಕೆಂದರೆ ಮಾತ್ರ ನೀವು ನಮ್ಮ ಹೋಬಳಿಗೇ ಬರಬೇಕು, ನಮ್ಮ ಮನೆಯನ್ನೇ ಹುಡುಕಬೇಕು. ಆ ಹೆಂಗಸು ನಾನು! ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕೂ ತಾಲ್ಲೂಕುಗಳ ಟೆಲಿಫೋನ್ ಕಂಬಗಳನ್ನು ಸಾಕ್ಷಿಗೆ ನಿಲ್ಲಿಸಿ ಹೇಳುತ್ತೇನೆ. ಕಬ್ಬಿಣದ ಮುಳ್ಳು ಕಟ್ಟಿಕೊಂಡು ಮರ ಹತ್ತಿದ ಗಂಡಸಿನ ಕಾಲನ್ನು ಒಂದು ಬೊಬ್ಬೆ, ಒಂದು ತರಚು, ಒಂದು ಉಳುಕಿಲ್ಲದೆ ಹೋದ ಹಾಗೇ ಮನೆಗೆ ವಾಪಸ್ಸು ಪಡೆದವಳು ನಾನು. ಆಮೇಲೆ ಆದದ್ದಕ್ಕೆ ನಾನು ಹೊಣೆಯಲ್ಲ. ನೀನೇ ಹೊಣೆ ಎಂದು ನಮ್ಮವರು ಈಗಲೂ ಹೇಳುತ್ತಾರೆ. ಪೂರ್ತಿ ಕೇಳಿ ನೀವೇ ತೀರ್ಪು ಕೊಡಿ.

ನಾನು ಬೆಂಗಳೂರಿನ ಚಾಮರಾಜಪೇಟೆಯವಳು. ಮದುವೆಯಾಗಿ ಮಧುಗಿರಿ ರಸ್ತೆಯ ಈ ಊರಿಗೆ ಬರುವಾಗ ಹೋಂ ಸೈನ್ಸ್ ಡಿಗ್ರಿಯನ್ನೂ, ಅದಕ್ಕಿಂತ ದಪ್ಪನೆಯ ಹೆದರಿಕೆಯ ಗಂಟನ್ನೂ ಹೊತ್ತು ತಂದಿದ್ದೆ. ಮಗು ಹುಟ್ಟಿದ ಮೇಲೆ ಡಿಗ್ರಿ ಎಲ್ಲಿ ಹೋಯಿತೋ ಗೊತ್ತಿಲ್ಲ, ಗಂಟು ಮಾತ್ರ ಬಿಚ್ಚಿಕೊಂಡಿತು. ಮಗು ಸೀನಿದರೆ ನ್ಯುಮೋನಿಯಾ ಎಂದು ಹೆದರುತ್ತಿದ್ದೆ. ಸೀನದಿದ್ದರೆ, ಯಾಕೆ ಸೀನುತ್ತಿಲ್ಲ ಎಂದು ಇನ್ನೂ ಹೆದರುತ್ತಿದ್ದೆ. ಅಂಬೆಗಾಲಿಡಲು ಶುರುಮಾಡಿದಾಗ ಅದರ ಎರಡೂ ಮಂಡಿಗೆ ಹತ್ತಿಯ ಕವಚ ಹೊಲಿದು ಕಟ್ಟಿದ್ದೆ. ಹಾಲು ತರುವ ಈರಕ್ಕ ಅದನ್ನು ನೋಡಿ, "ಇದೇನವ್ವ, ಮಗ ಯುದ್ಧಕ್ಕೋಯ್ತಾನಾ?" ಎಂದು ಕೇಳಿದ್ದಳು.

ನಮ್ಮವರದು ಟೆಲಿಫೋನ್ ಲೈನುಗಳ ಉಸ್ತುವಾರಿ. ತಂತಿ ಕಡಿದರೆ ಕೂಡಿಸಬೇಕು, ಕೊಂಬೆ ತಾಗಿದರೆ ಕಡಿಸಬೇಕು. ಹೆಸರು ವೀರಭದ್ರಯ್ಯ. ಗಂಡನ ಹೆಸರು ಹೇಳಬಾರದೆಂಬುದು ನನಗೂ ಗೊತ್ತು. ಆದರೆ ಈ ಕಥೆಯಲ್ಲಿ ಅರ್ಧ ಅನಾಹುತ ಮಾಡಿದ್ದೇ ಆ ಹೆಸರು, ಮುಚ್ಚಿಟ್ಟರೆ ನಿಮಗೆ ಅರ್ಥವಾಗುವುದಿಲ್ಲ.

ನಮ್ಮ ಬಾಡಿಗೆ ಮನೆಯ ಮುಂದೆ, ರಸ್ತೆಯ ಅಂಚಿನಲ್ಲಿ ಒಂದು ನೀಲಗಿರಿ ಮರ. ಮುಗಿಲಿಗೆ ಮುಟ್ಟುವಷ್ಟು ಎತ್ತರ. ಆ ವರ್ಷ ರಸ್ತೆ ಅಗಲ ಮಾಡಿದವರು ರಸ್ತೆ ಕಡೆಯ ಬೇರುಗಳನ್ನೆಲ್ಲ ಕಡಿದು ಹಾಕಿ ಹೋದರು. ಮರ ಮೆಲ್ಲಗೆ ನಮ್ಮ ಮನೆಯ ಕಡೆ ವಾಲಿತು. ವಾಲಿದ್ದು ಎಲ್ಲಿಗೆ? ಮಗು ಮಲಗುವ ಕೋಣೆಯ ಹೆಂಚಿನ ಮೇಲಕ್ಕೆ!

"ರೀ, ಮರ ನಿನ್ನೆಗಿಂತ ಇವತ್ತು ಜಾಸ್ತಿ ಬಾಗಿದೆ."

"ನೀನು ಕತ್ತು ವಾಲಿಸಿಕೊಂಡು ನೋಡ್ತೀಯ, ಅದಕ್ಕೆ."

"ಆಷಾಢದ ಗಾಳಿ ಬಂದರೆ ಸೀದಾ ಮಗುವಿನ ಕೋಣೆ ಮೇಲೇ ಬೀಳುತ್ತೆ!"

"ಸ್ವಲ್ಪ ಪಕ್ಕಕ್ಕೆ ಬಿದ್ದು ಅಡುಗೆಮನೆ ಹೋದರೆ ಒಳ್ಳೇದಿತ್ತು. ಹೋಟೆಲ್ ಊಟ ಮಾಡಬಹುದಾಗಿತ್ತು."

ಆ ಮಾತಿಗೆ ಆ ದಿನ ಅವರಿಗೆ ನಿಜವಾಗಿಯೂ ಹೋಟೆಲ್ ಊಟವೇ ಆಯಿತು. ಮರುದಿನ ಬೆಳಿಗ್ಗೆ ದಾರಿಗೆ ಬಂದರು. ಮರದ ತುದಿ ಹೇಗೂ ಟೆಲಿಫೋನ್ ತಂತಿಗೂ ತಾಗುತ್ತಿದ್ದುದರಿಂದ ಕಡಿಯಲು ಅಪ್ಪಣೆ ಸಿಕ್ಕಿತು. ಆದರೆ ಕಡಿಯುವವರು ಯಾರು? ಬುಡಕ್ಕೇ ಕೊಡಲಿ ಹಾಕಿದರೆ ಮರ ವಾಲಿದ ಕಡೆಗೇ, ಅಂದರೆ ನಮ್ಮ ಹೆಂಚಿನ ಮೇಲೇ ಬೀಳುತ್ತದೆ. ಮೇಲೆ ಹತ್ತಿ, ತುದಿಯಿಂದ ತುಂಡು ತುಂಡಾಗಿ ಕತ್ತರಿಸಿ, ಹಗ್ಗ ಕಟ್ಟಿ ಇಳಿಸಬೇಕು. ತೆಂಗಿನ ಮರ ಹತ್ತುವವರು ಬಂದು ನೋಡಿದರು. ಪಾದಕ್ಕೆ ಹಗ್ಗದ ತಳೆ ಹಾಕಿ ಹತ್ತೋಣವೆಂದರೆ ಕಾಂಡ ದಪ್ಪ. ಸಿಪ್ಪೆ ಸುಲಿದ ಮೈ ನೆನೆದ ಸಾಬೂನಿನ ಹಾಗೆ ಜಾರು. "ಇದ್ನ ಅತ್ತಾಕೆ ಗ್ವಾಡೆ ಮ್ಯಾಲಿನ ಅಲ್ಲಿನೇ ಬರ್ಬೇಕು ಬುಡ್ರಮ್ಮ" ಎಂದು ಎಲೆಅಡಿಕೆ ಉಗಿದು ಹೋದರು.

ಆಗ ನಮ್ಮವರಿಗೆ ಆಫೀಸಿನ ಉಗ್ರಾಣದಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಒಂದು ಜೊತೆ ಸಲಕರಣೆ ನೆನಪಾಯಿತು. ಅಂಗಾಲಿನ ಕೆಳಗೆ ಬರುವ ಒಂದು ಕಬ್ಬಿಣದ ಪಟ್ಟಿ, ಅಲ್ಲಿಂದ ಮೊಣಕಾಲಿನ ಕೆಳಗಿನವರೆಗೆ ಕಾಲಿನ ಒಳಬದಿಗೆ ಅಂಟಿ ಏರುವ ಕಬ್ಬಿಣದ ಸರಳು, ಕಾಲಗಿಣ್ಣಿನ ಹತ್ತಿರ ಒಂದು ಚೂಪಾದ ಮುಳ್ಳು. ತೊಗಲಿನ ಪಟ್ಟಿಗಳಿಂದ ಕಾಲಿಗೆ ಬಿಗಿದುಕೊಂಡು, ಮುಳ್ಳನ್ನು ಮರಕ್ಕೆ ಕಚ್ಚಿಸಿ ಕಚ್ಚಿಸಿ ಮೇಲೇರುವುದು. ಸಾಮಾನ್ಯ ಜನರ ಕಾಲಿಗೆ ಮುಳ್ಳು ಚುಚ್ಚುತ್ತದೆ. ನಮ್ಮವರು ಕಾಲಿಗೆ ಮುಳ್ಳು ತೊಡಲು ಹೊರಟರು!

ಮೊದಲ ಪ್ರಯೋಗ ಆಫೀಸಿನ ಹಿಂದಿನ ಮರದ ಕಂಬದ ಮೇಲೆ ಗುಟ್ಟಾಗಿ ನಡೆಯಿತು. ಕಾಲಲ್ಲಿ ಹವಾಯಿ ಚಪ್ಪಲಿ! ಸ್ವಲ್ಪ ಹೊತ್ತಿನಲ್ಲೇ ಲೈನ್ ಕೆಲಸದ ರುದ್ರಯ್ಯ ಅವರನ್ನು ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿಕೊಂಡು ತಳ್ಳುತ್ತಾ ಮನೆಗೆ ತಂದ. ಅಂಗಾಲಿನ ನಡುವೆ ಪಟ್ಟಿಯ ಬರೆ, ಗಿಣ್ಣಿನಲ್ಲಿ ಬಾವು, ಮೊಣಕಾಲಿನ ಕೆಳಗೆ ಸರಳು ಒತ್ತಿ ಒತ್ತಿ ನೇರಳೆ ಬಣ್ಣ.

"ಏನಾಯ್ತು ರುದ್ರಯ್ಯ?" ಎಂದು ಚೀರಿದೆ.

"ಏನಿಲ್ಲ ಕಣಮ್ಮ. ಸಾಹೇಬ್ರು ಅತ್ತುದ್ರು."

"ಅತ್ತರಾ?!"

"ಊಂ ಕಣಮ್ಮ. ಮೊದ್ಲು ಕಂಬ ಅತ್ತುದ್ರು. ಆಮ್ಯಾಕೆ ಸುಮ್ನೆ ಅತ್ರು."

ನಮ್ಮವರು ಗೋಡೆಯ ಕಡೆ ಮುಖ ತಿರುಗಿಸಿ ಮಲಗಿ, "ಬೇರೆ ಮನೆ ನೋಡೋಣ ಬಿಡು ಇಂದ್ರಾ" ಎಂದರು.

ಬಿಡುವುದೇ? ನನ್ನೊಳಗಿನ ಹೋಂ ಸೈನ್ಸ್ ಸಿಂಹಿಣಿ ಎದ್ದು ಕೂತಳು. ಮರ ಬೀಳುವ ಮುಂಚೆ ಮರ ಇಳಿಯಬೇಕು. ಮರ ಇಳಿಯಬೇಕಾದರೆ ಇವರು ಹತ್ತಬೇಕು. ಇವರು ಹತ್ತಬೇಕಾದರೆ ಕಾಲು ಸುಖವಾಗಿರಬೇಕು. ಮಗುವಿನ ಮಂಡಿ ಕಾಪಾಡಿದವಳಿಗೆ ಮಗುವಿನ ಅಪ್ಪನ ಕಾಲು ಯಾವ ಲೆಕ್ಕ? "ರೀ, ನಿಮ್ಮ ಪಾದಗಳನ್ನು ಇವತ್ತಿನಿಂದ ನನಗೆ ಒಪ್ಪಿಸಿಬಿಡಿ!" ಎಂದು ಘೋಷಿಸಿದೆ.

"ಮದುವೆಯಲ್ಲಿ ಕೈ ಒಪ್ಪಿಸಿದ್ದರು. ಈಗ ಕಾಲೂ ಹೋಯ್ತು" ಎಂದರು ಗೋಡೆಯ ಕಡೆಯಿಂದಲೇ.

ಬಾವು ಇಳಿಯುವವರೆಗೆ ದಿನಾ ಸಂಜೆ ಉಪ್ಪು ಹಾಕಿದ ಬಿಸಿನೀರಿನ ಬೋಗುಣಿಯಲ್ಲಿ ಅವರ ಕಾಲಿಟ್ಟು ನೀವಿದೆ. ಅರಿಶಿನ ಹಚ್ಚಿದೆ. ಬೂಟಿನೊಳಗೆ ಬೆರಳು ಒತ್ತಬಾರದೆಂದು ಉಗುರು ಕತ್ತರಿಸಿದೆ. ಒಂದು ಸಂಜೆ ನಾನು ಹೀಗೆ ಅವರ ಪಾದದ ಮುಂದೆ ಮಂಡಿಯೂರಿ ಕೂತಿರುವಾಗ ಹಾಲಿನ ಕ್ಯಾನು ಹಿಡಿದ ಈರಕ್ಕ ಬಾಗಿಲಿಗೆ ಬಂದು ಹಾಗೇ ನಿಂತಳು.

"ಇದ್ಯಾಕವ್ವ, ಭೀಮ್ನಮಾಸೆ ಇನ್ನೂ ದೂರ ಐತಲ್ಲ? ಈಗ್ಲೇ ಗಂಡನ ಪಾದಪೂಜೆ ಮಡಿಕ್ಕಂಡಿದ್ದೀಯ?"

"ಪಾದಪೂಜೆ ಅಲ್ಲ ಈರಕ್ಕ, ಪಾದಸಂರಕ್ಷಣೆ!"

"ಎಲ್ಡೂ ಒಂದೇ ಬುಡು" ಎಂದು ಅವಳು ದೂರದಿಂದಲೇ ನಮ್ಮವರಿಗೆ ಕೈ ಮುಗಿದು ಹೋದಳು. ನಮ್ಮವರೂ ಸುಮ್ಮನಿರದೆ ಬೋಗುಣಿಯಲ್ಲಿ ಕಾಲಿಟ್ಟುಕೊಂಡೇ ಕೈ ಎತ್ತಿ ಆಶೀರ್ವಾದ ಮಾಡಿದರು. ತಮಾಷೆಗೆ! ತಮಾಷೆ ಈರಕ್ಕನಿಗೆ ತಲುಪಲಿಲ್ಲವೆಂದು ನನಗೆ ಆಗ ಗೊತ್ತಾಗಲಿಲ್ಲ.

ಮುಂದಿನದು ಬೂಟು. ಮೆತ್ತನೆಯ ಅಟ್ಟೆಯ ಕೆಳಗೆ ಕಬ್ಬಿಣದ ಪಟ್ಟಿ ಇದ್ದರೆ ಇಡೀ ಮೈಯ ಭಾರ ಅಂಗಾಲಿನ ನಡುವೆ ಬೀಳುತ್ತದೆ. ಅಟ್ಟೆ ಗಟ್ಟಿಯಿರಬೇಕು. ಪಟ್ಟಿ ಹಿಂದಕ್ಕೆ ಜಾರದ ಹಾಗೆ ಹಿಮ್ಮಡಿ ಎತ್ತರವಿರಬೇಕು. ಗಿಣ್ಣು ಮುಚ್ಚಿರಬೇಕು. ಇದನ್ನೆಲ್ಲ ನಾನು ಯಾವ ಪುಸ್ತಕದಲ್ಲೂ ಓದಲಿಲ್ಲ ಸ್ವಾಮಿ, ಅವರ ಕಾಲಿನ ಗಾಯಗಳನ್ನು ನೋಡಿ ನೋಡಿ ಕಂಡುಹಿಡಿದೆ! ಪೊಲೀಸ್ ಕೆಲಸದಿಂದ ರಿಟೈರ್ ಆಗಿದ್ದ ನನ್ನ ಚಿಕ್ಕಪ್ಪನ ಬೂಟುಗಳು ಬೆಂಗಳೂರಿನಿಂದ ಬಸ್ಸಿನಲ್ಲಿ ಬಂದಿಳಿದವು. ಒಂದೊಂದರಲ್ಲೂ ಒಂದೊಂದು ಮಗು ಮಲಗಿಸಬಹುದು, ಅಷ್ಟು ದೊಡ್ಡವು. ಒಳಗೆ ಹಳೆಯ ಕಂಬಳಿ ಕತ್ತರಿಸಿ ಹಾಸಿದೆ. ದಪ್ಪನೆಯ ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ ತೊಡಿಸಿದೆ. ನಮ್ಮವರು ಅಂಗಳದಲ್ಲಿ ಟಪ್ ಟಪ್ ಎಂದು ನಡೆದು, "ಕಾಲು ಎಲ್ಲಿದೆ ಅಂತಾನೇ ಗೊತ್ತಾಗ್ತಿಲ್ಲ ಕಣೇ, ಅಷ್ಟು ಸುಖವಾಗಿದೆ!" ಎಂದರು.

ಉಳಿದದ್ದು ಮೊಣಕಾಲಿನ ಕೆಳಗೆ ಸರಳು ಒತ್ತುವ ಜಾಗ. ಮಗುವಿನ ದುಪ್ಪಟಿ ಸುತ್ತಿದೆ, ಜಾರಿತು. ದಿಂಬಿನ ಹತ್ತಿ ಕಟ್ಟಿದೆ, ಗಂಟುಗಂಟಾಯಿತು. ತೊಗಲೇ ಆಗಬೇಕು, ಒಳಗೆ ಮೆತ್ತೆ ಇರಬೇಕು, ಕಾಲಿಗೆ ಸುತ್ತಿ ಬಿಗಿಯುವ ಹಾಗಿರಬೇಕು. ಅಂಥದ್ದನ್ನು ಎಲ್ಲಿಂದ ತರಲಿ? ಯೋಚಿಸುತ್ತಾ ಮಗುವಿನ ಸ್ವೆಟರಿಗಾಗಿ ಟ್ರಂಕು ತೆಗೆದೆ. ಅಡಿಯಲ್ಲಿ, ರೇಷ್ಮೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನನ್ನ ಗೆಜ್ಜೆ!

ನಾನು ಮದುವೆಗೆ ಮುಂಚೆ ಭರತನಾಟ್ಯ ಕಲಿಯುತ್ತಿದ್ದೆ. ರಂಗಪ್ರವೇಶಕ್ಕೆ ದಿನ ಗೊತ್ತಾಗಿತ್ತು. ಅಷ್ಟರಲ್ಲಿ ಗಂಡು ಗೊತ್ತಾಗಿ, ರಂಗಪ್ರವೇಶದ ಬದಲು ಗೃಹಪ್ರವೇಶವಾಯಿತು. ಅಗಲವಾದ ತೊಗಲಿನ ಪಟ್ಟಿ, ಒಳಗೆ ಮಖಮಲ್ಲಿನ ಮೆತ್ತೆ, ಬಿಗಿಯಲು ಬಕಲ್ಲು, ಮೇಲೆ ಸಾಲು ಸಾಲು ಗೆಜ್ಜೆ. ಕಾಲಿಗೆ ಹಿಡಿದು ನೋಡಿದೆ. ಸರಳು ಒತ್ತುವ ಜಾಗಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು!

"ಗೆಜ್ಜೆ ಕಟ್ಟಿಕೊಂಡು ನಾನು ಮರ ಹತ್ತಬೇಕಾ?" ನಮ್ಮವರು ಎರಡು ಹೆಜ್ಜೆ ಹಿಂದೆ ಸರಿದರು. "ಊರಿನವರು ಏನಂತಾರೆ?"

"ಯಾರಿಗೂ ಗೊತ್ತಾಗಲ್ಲ. ಒಂದೊಂದು ಗೆಜ್ಜೆಯ ಬಾಯಿಗೂ ಹತ್ತಿ ತುಂಬಿ, ಮೇಲೆ ಬಟ್ಟೆ ಹೊಲಿದುಬಿಡ್ತೀನಿ. ಹತ್ತೋದಕ್ಕೆ ಹತ್ತಿ!"

"ಗೆಜ್ಜೆ ಕಿತ್ತೇ ಹಾಕು."

"ದಾರ ಕತ್ತರಿಸಿದರೆ ತೊಗಲೂ ಕಿತ್ತು ಬರುತ್ತೆ. ಅಲ್ಲದೆ..." ಎಂದು ನಾನು ನಿಲ್ಲಿಸಿದೆ. ಅವರು ನನ್ನ ಮುಖ ನೋಡಿದರು. ಆಮೇಲೆ ಕಾಲು ಚಾಚಿದರು. ಆ ಒಂದು ಕ್ಷಣಕ್ಕೆ ಅವರಿಗೆ ನನ್ನ ಒಂದು ವರ್ಷದ ಜಗಳಗಳನ್ನೆಲ್ಲ ಮಾಫಿ ಮಾಡಿದ್ದೇನೆ.

ಸೋಮವಾರ ಬೆಳಿಗ್ಗೆ ಮುಹೂರ್ತ. ನಾನು ಬಗ್ಗಿ ಒಂದೊಂದೇ ಪಟ್ಟಿ ಬಿಗಿದೆ. ಬಿಗಿ ಹೆಚ್ಚಾದರೆ ಕಾಲು ಜೋಮು ಹಿಡಿಯುತ್ತದೆ, ಸಡಿಲವಾದರೆ ಮುಳ್ಳು ತಪ್ಪಿ ಇನ್ನೊಂದು ಕಾಲಿಗೇ ಚುಚ್ಚುತ್ತದೆ. ಪಟ್ಟಿಯ ಕೆಳಗೆ ನನ್ನ ಒಂದು ಬೆರಳು ತೂರುವಷ್ಟು ಜಾಗ ಬಿಟ್ಟೆ. "ಕಾಲು ಅಗಲಿಸಿಕೊಂಡು ಹತ್ತಿ, ಮುಳ್ಳು ಸರಿಯಾಗಿ ಕಚ್ಚಿದ ಮೇಲೇ ಭಾರ ಬಿಡಿ, ನಡುನಡುವೆ ನಿಂತು ಬೆರಳು ಆಡಿಸಿ, ನಾನು ಕೇಳಿದಾಗೆಲ್ಲ ಕಾಲು ಹೇಗಿದೆ ಅಂತ ಹೇಳಬೇಕು" ಎಂದೆ. ಸೊಂಟಕ್ಕೂ ಮರಕ್ಕೂ ಸೇರಿಸಿ ದಪ್ಪನೆಯ ಹಗ್ಗ ಬಿಗಿದದ್ದಾಯಿತು. ಗರಗಸ ಕಳಿಸುವುದಕ್ಕೆ, ಕೊಂಬೆ ಇಳಿಸುವುದಕ್ಕೆ ಇನ್ನೊಂದು ಹಗ್ಗ ಹಿಡಿದು ರುದ್ರಯ್ಯ ಕೆಳಗೆ ನಿಂತ. ನಾನು ಮಗುವನ್ನು ಸೊಂಟದ ಮೇಲಿಟ್ಟುಕೊಂಡು ರಸ್ತೆಯಾಚೆ ನಿಂತೆ.

ಏನು ಹತ್ತಿದರು ಅಂತೀರಿ! ಕಚ್, ಕಚ್, ಕಚ್! ರಾಜ ಸಿಂಹಾಸನದ ಮೆಟ್ಟಿಲೇರಿದ ಹಾಗೆ! ಕಂಬದ ಮೇಲೆ ಅತ್ತವರೇ ಇವರು? ನನ್ನ ಎದೆ ಹೆಮ್ಮೆಯಿಂದ ಎಷ್ಟು ಉಬ್ಬಿತೆಂದರೆ ಮಗು ಜಾರಿ ಕೆಳಕ್ಕಿಳಿಯಿತು.

"ರೀ! ಕಾಲು ಹೇಗಿದೆ?"

"ಆಹಾ!" ಮೇಲಿಂದ ಉತ್ತರ ಬಂತು.

ಇನ್ನಷ್ಟು ಹತ್ತಿದರು.

"ರೀ! ಈಗ ಹೇಗಿದೆ?"

"ಆಹಾಹಾ! ರುದ್ರಾ! ಗರಗಸ ಕಳಿಸೋ!"

ಇಲ್ಲೇ ಎಡವಟ್ಟಾಯಿತು. ಅಲ್ಲಲ್ಲಿ ಸುಲಿಯದೆ ಉಳಿದ ನೀಲಗಿರಿಯ ಸಿಪ್ಪೆ ಅಂದರೆ ಅರದ ಹಾಗೆ. ಹತ್ತುವಾಗ ಉಜ್ಜಿ ಉಜ್ಜಿ ನಾನು ಹೊಲಿದ ಬಟ್ಟೆ ಹರಿಯಿತು. ಹತ್ತಿ ಉಂಡೆ ಉಂಡೆಯಾಗಿ ಗಾಳಿಯಲ್ಲಿ ತೇಲಿ ಕೆಳಗೆ ಬರತೊಡಗಿತು. ಅದರ ಹಿಂದೆಯೇ ಬಂತು ಸದ್ದು. ಘಲ್! ಘಲ್! ಘಲ್! ಆಕಾಶದಿಂದ ಗೆಜ್ಜೆಯ ನಾದ! ವರ್ಷಗಟ್ಟಲೆ ಟ್ರಂಕಿನಲ್ಲಿ ಮೂಗಿಯಂತೆ ಕೂತಿದ್ದ ನನ್ನ ಗೆಜ್ಜೆಗೆ ಕೊನೆಗೂ ರಂಗಪ್ರವೇಶ! ಗುಟ್ಟು ರಟ್ಟಾಯಿತೆಂದು ಹೆದರುವ ಬದಲು ನಾನು ತಾಳ ಹಾಕಿದೆ ಎಂದರೆ ನಂಬುತ್ತೀರಾ?

ಅದೇ ಹೊತ್ತಿಗೆ ಹಾಲು ತಂದ ಈರಕ್ಕ ಕ್ಯಾನು ಕೆಳಗಿಟ್ಟಳು. ತಲೆ ಎತ್ತಿದಳು. ಅವಳ ಬಾಯಿ ಮುಚ್ಚಲಿಲ್ಲ.

ನಮ್ಮ ಕಡೆ ವೀರಗಾಸೆ ಕುಣಿಯುವವರನ್ನು ನೀವು ನೋಡಿದ್ದೀರಿ. ಕಾಲಿಗೆ ಗೆಜ್ಜೆ, ಕೈಯಲ್ಲಿ ಹಿರಿದ ಕತ್ತಿ, ಬಾಯಲ್ಲಿ 'ಆಹಾ ರುದ್ರಾ' ಎಂದು ಶುರುವಾಗುವ ಒಡಪು, ಮೈಮೇಲೆ ವೀರಭದ್ರ. ಆವೇಶ ಏರಿದರೆ ಕಬ್ಬಿಣದ ಶಸ್ತ್ರ ಚುಚ್ಚಿಸಿಕೊಳ್ಳುತ್ತಾರೆ, ಒಂದು ತೊಟ್ಟು ರಕ್ತ ಬರುವುದಿಲ್ಲ. ಈಗ ಮರದ ಮೇಲೆ ನೋಡಿ. ಕಾಲಲ್ಲಿ ಗೆಜ್ಜೆ. ಕೈಯಲ್ಲಿ ಬಿಸಿಲಿಗೆ ಫಳಫಳ ಹೊಳೆಯುವ ಗರಗಸ. ಗಿಣ್ಣಿನಲ್ಲಿ ಕಬ್ಬಿಣದ ಮುಳ್ಳು. ಬಾಯಲ್ಲಿ "ಆಹಾ! ರುದ್ರಾ!" ಇವೆಲ್ಲ ಸಾಲದೆಂಬಂತೆ ಹೆಸರೂ ವೀರಭದ್ರಯ್ಯ! ಅಂದಿನ ವಾರವೂ ಶಿವನ ಸೋಮವಾರ!

"ಅಯ್ಯೋ ನಮ್ಮಪ್ಪಾ!" ಈರಕ್ಕ ಎರಡೂ ಕೈ ಎತ್ತಿ ಮುಗಿದಳು. "ಬರ್ರಪ್ಪೋ! ಟೆಲಿಪೋನ್ ಅಯ್ನೋರ ಮ್ಯಾಲೆ ಸ್ವಾಮಿ ಬಂದೈತೆ! ಕಾಲಿಗೇ ಶಸ್ತ್ರ ಆಕಿಸ್ಕಂಡವ್ರೆ!"

"ಈರಕ್ಕ, ಅದು ಶಸ್ತ್ರ ಅಲ್ಲ! ಆಫೀಸಿನ ಸಾಮಾನು!"

"ನಿಂಗೇನವ್ವ ಗೊತ್ತು, ಬೆಂಗ್ಳೂರೋಳಿಗೆ! ದಿನಾ ಪಾದ ತೊಳೀತಿದ್ದೋಳು ಈಗ ಸುಳ್ಳು ಏಳ್ತೀಯಾ?"

ಮಧುಗಿರಿ ಕಡೆಯಿಂದ ಬಂದ ಬಸ್ಸು ನಿಂತಿತು. ಕಂಡಕ್ಟರ್ ಮೊದಲು ಇಳಿದ, ಆಮೇಲೆ ಬಸ್ಸೇ ಇಳಿಯಿತು. ವಯಸ್ಸಿನಲ್ಲಿ ವೀರಗಾಸೆ ಕುಣಿದು ಹೆಸರಾಗಿದ್ದ ನಾಗಲಿಂಗಯ್ಯನವರು ಕೋಲೂರಿಕೊಂಡು ಬಂದು, ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. ಯಾರೋ ವೀರಗಾಸೆಯ ಸಂಬಾಳ ವಾದ್ಯ ತಂದು ಬಡಿಯತೊಡಗಿದರು. ಯಾರೋ ಬುಡದಲ್ಲಿ ತೆಂಗಿನಕಾಯಿ ಒಡೆದರು. ಕಾಯಿ ಒಡೆದದ್ದಕ್ಕಿಂತ ಜೋರಾಗಿ ನನ್ನ ಎದೆ ಹೊಡೆದುಕೊಂಡಿತು.

ನಮ್ಮವರಿಗೆ ಮೇಲೆ ಏನೂ ಗೊತ್ತಿಲ್ಲ! ಜನ ನೋಡಿ ಹುಮ್ಮಸ್ಸು ಬಂದಿದೆ. ಮನೆಯ ಕಡೆ ಚಾಚಿದ ಕೊಂಬೆಗಳನ್ನು ಒಂದೊಂದಾಗಿ ಕತ್ತರಿಸಿ ಇಳಿಸಿದರು. ಒಂದೊಂದು ಕೊಂಬೆ ಇಳಿದಾಗಲೂ ಗರಗಸ ಎತ್ತಿ ಜನರಿಗೆ ಬೀಸಿದರು. ಜನ "ಹೋ!" ಎಂದರು. ಸಂಬಾಳದ ಗತ್ತು ಏರಿತು. ಬೆರಳು ಆಡಿಸಿ ಎಂದು ನಾನೇ ಹೇಳಿದ್ದೆನಲ್ಲ? ನೆನಪಿಟ್ಟುಕೊಂಡು ಎರಡೂ ಕಾಲು ಆಡಿಸಿದರು. ಘಲ್ ಘಲ್ ಘಲ್ ಘಲ್! ತಾಳಕ್ಕೆ ಸರಿಯಾಗಿ!

"ರೀ! ಸಾಕು, ಇಳೀರಿ!"

"ಇನ್ನೂ ಎಷ್ಟು ಹೊತ್ತು ಬೇಕಾದರೂ ಇರ್ತೀನಿ ಕಣೇ! ಕಾಲು ಏನೂ ಅನ್ನಿಸ್ತಾನೇ ಇಲ್ಲ! ಆಹಾ! ರುದ್ರಾ, ಹಗ್ಗ ಬಿಡೋ!"

ಆಗ ಜನರೆಲ್ಲರ ಕಣ್ಣು ಕಾಂಡದ ಕಡೆ ತಿರುಗಿತು. ನೀಲಗಿರಿ ಮರಕ್ಕೆ ಗಾಯವಾದರೆ ಕೆಂಪನೆಯ ಅಂಟು ಒಸರುತ್ತದೆ. ಮುಳ್ಳು ಕಚ್ಚಿದ ಒಂದೊಂದು ತೂತಿನಿಂದಲೂ ಅದು ಈಗ ಬೆಳ್ಳನೆಯ ಕಾಂಡದ ಮೇಲೆ ಸಣ್ಣಗೆ ಇಳಿಯತೊಡಗಿತ್ತು.

ನಾಗಲಿಂಗಯ್ಯನವರು ಬೆರಳಿನಿಂದ ಮುಟ್ಟಿ ನೋಡಿದರು. ಆ ಬೆರಳನ್ನು ಹಣೆಗೊತ್ತಿಕೊಂಡರು. "ಶಸ್ತ್ರ ಅಯ್ಯನೋರ ಕಾಲಿಗೆ. ರಕ್ತ ಮರಕ್ಕೆ. ಅವರ ನೋವ ಈ ಮರ ಇಸ್ಕಂಡೈತೆ ಕಣ್ರಪ್ಪ."

"ಅದು ಅಂಟು! ಬರೀ ಅಂಟು!" ಎಂದು ಕೂಗಿದೆ.

ಅಷ್ಟರಲ್ಲಿ ನನ್ನ ಕೂಗಿಗೆ ಗಾಬರಿಯಾಗಿ ನಮ್ಮವರು ಇಳಿದು ಬಂದರು. ನೆಲ ಮುಟ್ಟಿದ್ದೇ ತಡ, ಬಸ್ಸಿನವರೆಲ್ಲ ಕಾಲಿಗೆ ಬಿದ್ದರು. ಚಿಕ್ಕಪ್ಪನ ಬೂಟಿಗೆ ಅರಿಶಿನ ಕುಂಕುಮ! ಪೊಲೀಸ್ ಬೂಟಿಗೆ ಜನ ತಾವಾಗಿ ಕೈ ಮುಗಿದದ್ದು ಅದೇ ಮೊದಲಿರಬೇಕು.

"ಏನಿದೆಲ್ಲ ಇಂದ್ರಾ?" ಎಂದರು ತೊದಲುತ್ತಾ.

"ಅಂಟಂತೆ!" ಈರಕ್ಕ ನನ್ನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಂಟೋ ನೆಂಟೋ, ಆಮ್ಯಾಕೆ ನೋಡಾಣ. ಅಷ್ಟು ಕಬ್ಬಿಣ ಕಟ್ಕಂಡು ಅಷ್ಟೊತ್ತು ಮ್ಯಾಲಿದ್ರೆ ಮನುಸರ ಕಾಲು ಪಚ್ಚಿಯಾಗ್ಬೇಕು ತಾನೇ? ಆ ದಿನ ಕಂಬ ಅತ್ತಿ ಆಗಿತ್ತಲ್ಲ, ಅಂಗೆ? ಗಾಯ ಇದ್ರೆ ಮನುಸ ಅಂತ ಒಪ್ಕಂತೀವಿ. ಬೂಟು ಬಿಚ್ಚಿ ತೋರ್ಸು!"

ನಮ್ಮವರು ನನ್ನನ್ನೇ ನೋಡಿ ಕಣ್ಣು ಹೊಡೆದರು, ತಲೆ ಅಲ್ಲಾಡಿಸಿದರು, ಕೆಮ್ಮಿದರು. ಬೇಡ ಎಂದು ಅರ್ಥ. "ಕಾಲು ತುಂಬಾ ನೋಯ್ತಿದೆ, ರಕ್ತ ಬಂದಿದೆ" ಎಂದು ಒಂದು ಸುಳ್ಳು ಹೇಳಿ ಕುಂಟುತ್ತಾ ಮನೆಯೊಳಗೆ ಹೋಗಿದ್ದರೆ ಮುಗಿಯುತ್ತಿತ್ತು. ಜನ ಚದುರುತ್ತಿದ್ದರು, ಸಂಜೆಯೊಳಗೆ ಮರ ನೆಲಕ್ಕಿಳಿಯುತ್ತಿತ್ತು, ನನ್ನ ಮಗು ನೆಮ್ಮದಿಯಾಗಿ ಮಲಗುತ್ತಿತ್ತು.

ಆದರೆ ನೀವೇ ಹೇಳಿ. ಅಷ್ಟು ದಿನ ಉಪ್ಪುನೀರು ಕಾಯಿಸಿದವಳು ನಾನು. ಕಂಬಳಿ ಕತ್ತರಿಸಿದವಳು ನಾನು. ನನ್ನ ಗೆಜ್ಜೆ ಕೊಟ್ಟವಳು ನಾನು! ನನ್ನ ಕೆಲಸದಿಂದ ಗಾಯವಾಯಿತೆಂದು ನಾನೇ ಬಾಯಿಬಿಟ್ಟು ಹೇಳಲೇ? ಅದೂ ಒಂದು ಬಸ್ಸಿನ ಜನರ ಮುಂದೆ?

ನೆಲಕ್ಕೆ ಕೂತೆ. ಪಟ್ಟಿ ಬಿಚ್ಚಿದೆ. ಬೂಟು ಎಳೆದೆ. ಕಾಲುಚೀಲ ಕಿತ್ತೆ. ಗಂಡನ ಪಾದವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಹಿಡಿದು ಊರಿಗೆಲ್ಲ ತೋರಿಸಿದೆ.

"ನೋಡಿ! ಬೊಬ್ಬೆ ಇದೆಯಾ?"

"ಇಲ್ಲ!" ಎಂದರು ಜನ.

"ತರಚಿದೆಯಾ?"

"ಇಲ್ಲ!"

"ಒಂದು ತೊಟ್ಟು ರಕ್ತ?"

"ಇಲ್ಲ! ಇಲ್ಲ! ಇಲ್ಲ!"

ಮಗುವಿನ ಪಾದದ ಹಾಗೆ ಗುಲಾಬಿ ಬಣ್ಣಕ್ಕೆ ಹೊಳೆಯುತ್ತಿತ್ತು ಸ್ವಾಮಿ ಆ ಪಾದ! ನನ್ನ ಜೀವನದ ಪರಮ ವಿಜಯದ ಕ್ಷಣ ಅದು. "ಇದು ಹೇಗೆ ಸಾಧ್ಯವಾಯಿತು ಅಂತ ಕೇಳಿ!" ಎಂದು ಬಾಯಿ ತೆರೆದೆ. ಕೇಳಲು ಯಾರೂ ಇರಲಿಲ್ಲ. ಸಂಬಾಳ ಆಕಾಶಕ್ಕೇರಿತ್ತು. ಎಲ್ಲರೂ ಮರಕ್ಕೆ ಸುತ್ತು ಬರುತ್ತಿದ್ದರು.

ನಮ್ಮವರು ಪಾದ ನನ್ನ ಕೈಯಲ್ಲಿರುವಂತೆಯೇ ಬಗ್ಗಿ ಮೆಲ್ಲಗೆ ಹೇಳಿದರು. "ತುಂಬಾ ಚೆನ್ನಾಗಿ ಮಾಡಿದ್ದೀಯ ಕಣೇ. ಸ್ವಲ್ಪ ಕೆಟ್ಟದಾಗಿ ಮಾಡಿದ್ದರೆ ಅರ್ಧಕ್ಕೇ ಇಳಿದುಬಿಡ್ತಿದ್ದೆ. ಮರ ಮರವಾಗೇ ಉಳೀತಿತ್ತು. ಕಡೀಬಹುದಾಗಿತ್ತು."

ಇನ್ನೆಲ್ಲಿಯ ಕಡಿಯುವುದು! ಮರುದಿನವೇ ಮರಕ್ಕೆ ವಿಭೂತಿ ಪಟ್ಟೆ, ಅರಿಶಿನದ ದಾರ. ಅದರ ಮರುದಿನ ಮಕ್ಕಳಾಗಲೆಂದು ಹರಕೆ ಹೊತ್ತವರು ಪುಟ್ಟ ಪುಟ್ಟ ಮರದ ತೊಟ್ಟಿಲು ತಂದು ಕಟ್ಟಿದರು. ಯಾವ ಮರ ನನ್ನ ಮಗುವಿನ ಮೇಲೆ ಬೀಳುತ್ತದೆಂದು ನಿದ್ದೆ ಬಿಟ್ಟಿದ್ದೆನೋ ಆ ಮರವೇ ಊರಿನ ಮಕ್ಕಳನ್ನೆಲ್ಲ ಕಾಯುವ ಮರವಾಯಿತು! ರುದ್ರಯ್ಯ ಕೊಡಲಿ ಹಿಡಿದು ಬಂದವನು ಕೊಡಲಿ ಕೆಳಗಿಟ್ಟು ಅಡ್ಡಬಿದ್ದು ಹೋದ. "ತಪ್ಪು ತಿಳ್ಕಾಬ್ಯಾಡಿ ಸಾ. ಕೂಗಿದ್ದು ನನ್ನ ಎಸ್ರೇ ಆದ್ರೂ, ಕೇಳಿಸ್ಕಂಡಿದ್ದು ಬ್ಯಾರೆಯೋರು" ಎಂದ. ಮರಕ್ಕೆ ಕಟ್ಟೆ ಕಟ್ಟಬೇಕೆಂದು ನಾಗಲಿಂಗಯ್ಯನವರು ಮುಂದೆ ನಿಂತು ನಮ್ಮ ಮನೆಯ ಕಡೆ ಆಳವಾಗಿ ಪಾಯ ಅಗೆಸಿದರು.

"ಮರ ವಾಲಿದೆ ತಾತ, ನಮ್ಮ ಮೇಲೆ ಬೀಳುತ್ತೆ!" ಎಂದು ಅಂಗಲಾಚಿದೆ.

"ನಿಮ್ಮ ಕಡೀಕೆ ಬಗ್ಗಿ ಆಸೀರ್ವಾದ ಮಾಡ್ತಾ ಐತೆ ತಾಯಿ. ಎಷ್ಟು ಜನಕ್ಕೆ ಆ ಭಾಗ್ಯ ಐತೆ?"

ಆಷಾಢ ಹತ್ತಿರ ಬರುತ್ತಿತ್ತು. ಪಶ್ಚಿಮದ ಗಾಳಿಯ ಮೊದಲ ಸುಳಿ ಬೀಸಿದ ದಿನ ನಾನು ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ಕೂತುಬಿಟ್ಟೆ. ನಮ್ಮವರು ಇನ್ನು ವಾದ ಮಾಡಲಿಲ್ಲ. ರಸ್ತೆಯಾಚೆ, ನೇರ ಎದುರಿಗೆ ಒಂದು ಮನೆ ಖಾಲಿಯಿತ್ತು. ಮರ ವಾಲಿದ್ದು ಈ ಕಡೆ, ಆ ಮನೆ ಆ ಕಡೆ. ಅದಕ್ಕಿಂತ ಭದ್ರವಾದ ಜಾಗ ಭೂಮಿಯ ಮೇಲಿಲ್ಲ ಎಂದು ನಾನೇ ಲೆಕ್ಕ ಹಾಕಿ ಹೇಳಿದೆ. ಪಾತ್ರೆ ಪಡಗ, ಟ್ರಂಕು, ಮಗುವಿನ ಹಾಸಿಗೆ ಎಲ್ಲ ರಸ್ತೆ ದಾಟಿದವು. ಹೊಸ ಮನೆಯ ಕೋಣೆಯಲ್ಲಿ ಮಗುವನ್ನು ಮಲಗಿಸಿ, ಕಿಟಕಿಯಿಂದ ಮರದ ಕಡೆ ನೋಡಿ, "ಈಗ ಬೀಳು ನೋಡೋಣ!" ಎಂದು ಸವಾಲು ಹಾಕಿದೆ.

ಕೇಳಿಸಿಕೊಂಡಿರಬೇಕು.

ಹಳೆಯ ಮನೆಯ ಕಡೆಯ ಕೊಂಬೆಗಳನ್ನೆಲ್ಲ ನಮ್ಮವರು ಕತ್ತರಿಸಿ ಆ ಕಡೆಯ ಭಾರ ಕಳೆದಿದ್ದರು. ಆ ಕಡೆ ಉಳಿದಿದ್ದ ಬೇರುಗಳನ್ನು ಕಟ್ಟೆಯವರು ಅಗೆದು ಮುಗಿಸಿದ್ದರು. ಇನ್ನು ಬಾಕಿಯಿದ್ದದ್ದು ಹಳೆಯ ಮನೆಯ ಹಿಂದಿನಿಂದ ಬೀಸುವ ಪಶ್ಚಿಮದ ಗಾಳಿಯ ಒಂದು ನೂಕು. ಆಷಾಢದ ಒಂದು ಮಧ್ಯಾಹ್ನ ನಾವು ಮೂವರೂ ನಡುಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಗಾಳಿ ಬೀಸಿತು. ಪುಟ್ಟ ತೊಟ್ಟಿಲುಗಳೆಲ್ಲ ಒಟ್ಟಿಗೆ ಕಟಕಟ ಎಂದವು. ತೆರೆದ ಬಾಗಿಲಿನಾಚೆ ಮರ ನೆಟ್ಟಗಾಯಿತು. "ನೋಡು, ಸರಿಹೋಯ್ತು!" ಎಂದು ನಮ್ಮವರು ತುತ್ತು ಎತ್ತಿದರು. ಮರ ನೆಟ್ಟಗಾದದ್ದು ನಿಲ್ಲಲಿಲ್ಲ. ಆಚೆಯಿಂದ ಈಚೆಗೆ ಬಾಗಿ, ಬಾಗಿ, ರಸ್ತೆಯ ಮೇಲೆ ಉದ್ದಕ್ಕೆ ಚಾಚಿ, ನಮ್ಮ ಹೊಸ ಮನೆಯ ಪಕ್ಕದ ಬಚ್ಚಲುಮನೆಯ ಮೇಲೆ ತಲೆಯಿಟ್ಟು ಮಲಗಿತು. ಧಡಾರ್!

ಮಗು ನನ್ನ ತೊಡೆಯ ಮೇಲೇ ಇತ್ತು. ಒಂದು ಗೀರೂ ಇಲ್ಲ. ಅದು ಅತ್ತದ್ದು ಮರ ಬಿದ್ದದ್ದಕ್ಕಲ್ಲ, ನಾನು ಕಿರುಚಿದ್ದಕ್ಕೆ. ಬಚ್ಚಲಿನ ಹಂಡೆ ಮಾತ್ರ ದೋಸೆಯಾಗಿತ್ತು. ಆಚೆಯ ಹಳೆಯ ಮನೆಯ ಒಂದು ಹೆಂಚೂ ಅಲ್ಲಾಡದೆ ಬಿಸಿಲಿನಲ್ಲಿ ನಗುತ್ತಾ ನಿಂತಿತ್ತು.

ಮಗುವನ್ನೆತ್ತಿಕೊಂಡು ಹೊರಗೆ ಬಂದೆ. ಜನ ಓಡಿ ಬರುತ್ತಿದ್ದರು. ಎಲ್ಲರಿಗಿಂತ ಮುಂದೆ ಈರಕ್ಕ. ಈಗಲಾದರೂ ಇವಳಿಗೆ ಬುದ್ಧಿ ಬಂದಿರಬೇಕು, ಮರ ಬೀಳುತ್ತದೆಂದು ನಾನು ಮೊದಲಿನಿಂದಲೂ ಹೇಳಿದ್ದು ಒಪ್ಪಿಕೊಳ್ಳುತ್ತಾಳೆ ಎಂದು ಸೆರಗು ಸರಿಮಾಡಿಕೊಂಡು ನಿಂತೆ.

ಈರಕ್ಕ ನೆಲಕ್ಕೊರಗಿದ ಮರವನ್ನು ನೋಡಿದಳು. ಹಳೆಯ ಮನೆಯನ್ನು ನೋಡಿದಳು. ಹೊಸ ಮನೆಯನ್ನು ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ನೋಡ್ದೇನವ್ವ ಇಂದ್ರಮ್ಮ! ನೀವು ಬುಟ್ಟು ಬಂದ್ರಿ ಅಂತ ಸ್ವಾಮಿನೇ ರಸ್ತೆ ದಾಟ್ಕಂಡು ನಿಮ್ಮನ್ನ ಉಡುಕ್ಕಂಡು ಬಂದ್ಬುಟ್ಟ! ಮನೆಗೆ ಬಂದೋನ್ನ ಬಾಗ್ಲಲ್ಲೇ ನಿಲ್ಸಿ ಇಂಗೆ ನೋಡ್ತೀಯಲ್ಲ, ಓಗು, ಆರತಿ ತತ್ತಾ!"

ಒಂದು ಸಲ ನಮ್ಮವರ ಮುಖ ನೋಡಿದೆ. ಅವರು ಅನ್ನದ ಕೈಯಲ್ಲೇ ಅಡುಗೆಮನೆಯ ಕಡೆ ತೋರಿಸಿದರು. ನಾನು ಒಳಗೆ ಹೋಗಿ ಆರತಿ ತಟ್ಟೆ ಹುಡುಕಿದೆ.